ಮಗಳಿಗೊಂದು ಪತ್ರ: ಉತ್ತರ ಕೊಡಬೇಕಾದವರು ಯಾರು?

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದಕ್ಕಿಂತ, ಅಳು ನಿಂತ ಮೇಲೆ "ಅವನು ಸುಮ್ಮನೆ ಕೂತಿದ್ದ ಅಮ್ಮಾ" ಅಂದಿದ್ದು ಕರುಳು ಹಿಂಡಿತು. ಹುಟ್ಟುವ ಮಗು ಯಾರ ಬಣ್ಣ ಹೊತ್ತು ಬರುತ್ತದೋ, ನಮ್ಮದು ಅನ್ನಿಸುತ್ತದೋ ಇಲ್ಲವೋ ಎಂದು ನಿನ್ನ ಗಂಡನ ಸೋದರತ್ತೆ ಊಟಕ್ಕೆ ಕೂತಾಗಲೇ ಅಂದರಂತೆ. ನೀನು ಎದ್ದು ಗೆಳತಿಯ ಮನೆಗೆ ಹೋಗಿದ್ದರಲ್ಲಿ ತಪ್ಪಿಲ್ಲ.

ಆದರೆ ನನಗೆ ಆ ವಿಮಾನ ನಿಲ್ದಾಣದ ಸಾಲೇ ಕಣ್ಣಿಗೆ ಕಟ್ಟುತ್ತಿದೆ. ಬಣ್ಣ ಬೇರೆಯಾದ ನೀವಿಬ್ಬರೂ ಒಂದೇ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿ ನಿಂತಿದ್ದಿರಿ. ಕೌಂಟರಿನಲ್ಲಿದ್ದವನು ನಿನ್ನನ್ನು ಕರೆದು, ಅಳಿಯನಿಗೆ ಮಾತ್ರ ಕೈ ಅಡ್ಡ ಹಿಡಿದ: "ಕುಟುಂಬದವರು ಮಾತ್ರ ಒಟ್ಟಿಗೆ ಬರಬಹುದು." ನೀನು ಜಗಳಕ್ಕೆ ನಿಂತೆ. ಅಳಿಯ ಬಾಯಿ ಬಿಡಲಿಲ್ಲ, ಸೂಟ್‌ಕೇಸಿನ ಹಿಡಿಯನ್ನೂ ಬಿಡಲಿಲ್ಲ. ಹಿಂದೆ ನಿಂತಿದ್ದ ನನಗೆ ಅವನ ದವಡೆ ಬಿಗಿದದ್ದು ಕಾಣುತ್ತಿತ್ತು. ಯೂನಿಫಾರ್ಮಿನವರ ಮುಂದೆ ದನಿ ಏರಿಸಿದರೆ ತನಗೇ ಅಪಾಯ ಎಂದು ಚಿಕ್ಕಂದಿನಿಂದ ಕಲಿತವನ ಮೌನ ಅದು. ಅದನ್ನು ಹೇಡಿತನ ಅನ್ನಬೇಡ. ನೀನು ಕೂಗಾಡಿದರೂ ನಿನಗೆ ಏನೂ ಆಗುವುದಿಲ್ಲ. ಅವನಿಗೆ ಆ ಧೈರ್ಯವಿಲ್ಲ, ಇರಲು ಜನ ಬಿಟ್ಟಿಲ್ಲ.

ನಿನ್ನೆಯ ಮೌನ ಬೇರೆ. ಸೋದರತ್ತೆ ಅವನವರು. ಅವನ ಕಡೆಯವರು ಆಡಿದ್ದಕ್ಕೆ ಅವನೇ ಉತ್ತರ ಕೊಡಬೇಕು, ನಮ್ಮವರು ಆಡಿದ್ದಕ್ಕೆ ನೀನು. ಮದುವೆಯ ಮುಂಚೆ ನಿನ್ನ ದೊಡ್ಡಪ್ಪನಿಗೆ ಎಲ್ಲರೆದುರು ನೇರ ಹೇಳಿದ್ದೆಯಲ್ಲ, ಅವತ್ತು ನನ್ನ ಎದೆ ತುಂಬಿ ಬಂದಿತ್ತು.

1958ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಎಂಬ ದಂಪತಿಯನ್ನು ಪೊಲೀಸರು ನಡುರಾತ್ರಿ ಮಲಗುವ ಕೋಣೆಗೇ ನುಗ್ಗಿ ಬಂಧಿಸಿದ್ದರು. ಬಿಳಿಯನೂ ಕಪ್ಪು ಹೆಣ್ಣೂ ಮದುವೆಯಾದದ್ದೇ ಅಪರಾಧ! ಜೈಲು ಬೇಡವೆಂದರೆ 25 ವರ್ಷ ಇಬ್ಬರೂ ಒಟ್ಟಿಗೆ ಆ ರಾಜ್ಯಕ್ಕೆ ಕಾಲಿಡಬಾರದು ಎಂದರು. 1967ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ರಿಚರ್ಡ್ ಮಾತು ಕಡಿಮೆಯ ಮನುಷ್ಯ, ವಿಚಾರಣೆಗೂ ಹೋಗಲಿಲ್ಲ. ಆದರೆ ತಾನು ಹೆಂಡತಿಯನ್ನು ಪ್ರೀತಿಸುತ್ತೇನೆಂದು ಕೋರ್ಟಿಗೆ ತಿಳಿಸಿ ಎಂದು ವಕೀಲರ ಕೈಲಿ ಹೇಳಿಕಳಿಸಿದ. ನನಗೆ ಅಳಿಯನಿಂದ ಬೇಕಾದದ್ದೂ ಅಷ್ಟೇ, ಒಂದು ಮಾತು, ಹೇಳಬೇಕಾದವರಿಗೆ.

ಇದು ಉಪದೇಶವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬೇರೆಯವರ ಮನೆಯ ಸೋಫಾದ ಮೇಲೆ ಮಲಗಿದ್ದೀಯ ಎಂದರೆ ನನಗೆ ನಿದ್ದೆ ಎಲ್ಲಿಂದ ಬರಬೇಕು?

ನಾನು ಅವನಿಗೆ ಫೋನ್ ಮಾಡುವುದಿಲ್ಲ. ನಿಮ್ಮಿಬ್ಬರ ನಡುವೆ ಮೂಗು ತೂರಿಸುವವರು ಈಗಾಗಲೇ ಸಾಕಷ್ಟಿದ್ದಾರೆ. ಇವತ್ತು ಮನೆಗೆ ಹೋಗು. ಸೋದರತ್ತೆಗೆ ಯಾವಾಗ ಹೇಳುತ್ತೀಯ ಎಂದು ನೀನೇ ಕೇಳು. ಆಮೇಲೆ ನನಗೊಂದು ಮೆಸೇಜ್ ಹಾಕು, ಎಷ್ಟೇ ಹೊತ್ತಾಗಲಿ.

ನಿನ್ನ
ಅಮ್ಮ