ಬಸ್ಸು ಹೊರಟುಹೋದರೆ?

ಚಿ. ಸಹನಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಅಮ್ಮ ಗುಂಪಿನ ಜೊತೆ ಹೊರಟಿರುವ ಯುರೋಪ್ ಪ್ರವಾಸಕ್ಕೆ ವೀಸಾ, ವಿಮೆ, ಟಿಕೆಟ್ಟು ಎಲ್ಲ ಆಯಿತೆಂದು ಬರೆದಿದ್ದೀಯ. ಅವುಗಳ ಮಾತು ಬೇಡ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದೆಯಲ್ಲ, "ಅಮ್ಮ ಎಲ್ಲಾದರೂ ಹಿಂದೆ ಉಳಿದು ಬಸ್ಸು ಹೊರಟುಹೋದರೆ ಏನು ಮಾವ?" ಅಂತ. ಅದನ್ನು ಓದಿದಾಗಿನಿಂದ ಬೇರೆ ಕೆಲಸಕ್ಕೆ ಮನಸ್ಸು ಹೋಗುತ್ತಿಲ್ಲ.

ಹಾಗೆ ಆಗುವುದೇ ಇಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ. ಬಸ್ಸು ಹೆಚ್ಚು ಹೊತ್ತು ಕಾಯುವುದಿಲ್ಲ. ಯುರೋಪಿನ ಕಾನೂನಿನಲ್ಲಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ದಿನಕ್ಕೆ ಒಟ್ಟು 9 ಗಂಟೆ ಮಾತ್ರ ಓಡಿಸಬಹುದು, ವಾರದಲ್ಲಿ ಎರಡು ದಿನ 10 ಗಂಟೆ. ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಪ್ರತಿ ನಿಮಿಷವನ್ನೂ ದಾಖಲಿಸುತ್ತದೆ, ದಾರಿಯಲ್ಲಿ ತಪಾಸಣೆಯೂ ಇರುತ್ತದೆ. ಬೆಳಿಗ್ಗೆ ಒಬ್ಬರಿಗಾಗಿ ಒಂದು ಗಂಟೆ ಕಳೆದರೆ, ಆ ಗಂಟೆ ಸಂಜೆ ಹೋಟೆಲಿನ ದಾರಿಯಲ್ಲಿ ಇಡೀ ಗುಂಪಿಗೆ ಕಡಿಮೆ ಬೀಳಬಹುದು. ಅದಕ್ಕೇ ಟೂರ್ ಮ್ಯಾನೇಜರುಗಳು ಸಮಯದ ವಿಷಯದಲ್ಲಿ ಅಷ್ಟು ಬಿಗಿ. ನಿಮ್ಮಮ್ಮನಿಗೆ ಇದನ್ನು ಹೇಳು, ಬೈದರೆ ಬೇಸರ ಮಾಡಿಕೊಳ್ಳದಿರಲಿ.

ಬಸ್ಸು ಹೋದರೂ ಮನುಷ್ಯರನ್ನು ಬಿಟ್ಟು ಹೋಗುವುದಿಲ್ಲ, ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಮ್ಯಾನೇಜರು ಗುಂಪನ್ನು ಸ್ಥಳೀಯ ಗೈಡಿಗೆ ಒಪ್ಪಿಸಿ ತಾವು ಹಿಂದಕ್ಕೆ ಹುಡುಕಿಕೊಂಡು ಬರುತ್ತಾರೆ, ಇಲ್ಲವೇ ಟ್ಯಾಕ್ಸಿಯಲ್ಲಿ ಮುಂದಿನ ಜಾಗಕ್ಕೆ ಬರಲು ಹೇಳುತ್ತಾರೆ. ಟ್ಯಾಕ್ಸಿಯ ಖರ್ಚು ನಮ್ಮದು. ಆದ್ದರಿಂದ 100 ಯೂರೋ ಬೇರೆಯಾಗಿಟ್ಟು, ಅದು ಖರೀದಿಗಲ್ಲ ಎಂದು ಹೇಳಿಬಿಡು.

ಅಕ್ಕ ಕಲಿಯಬೇಕಾದದ್ದು ಒಂದೇ: ಗುಂಪು ಕಾಣಿಸುತ್ತಿಲ್ಲ ಎಂದು ಗೊತ್ತಾದ ಕ್ಷಣ ನಿಂತಲ್ಲೇ ನಿಲ್ಲಬೇಕು. ಹುಡುಕಲು ಹೋಗಬಾರದು. ಮ್ಯಾನೇಜರು ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತಾರೆ. ಇವರೂ ನಡೆಯತೊಡಗಿದರೆ ಒಬ್ಬರ ಹಿಂದೆ ಒಬ್ಬರು ಸುತ್ತುತ್ತಲೇ ಇರುತ್ತಾರೆ. ಹತ್ತು ನಿಮಿಷದ ಕೆಲಸ ಎರಡು ಗಂಟೆ ಆಗುವುದು ಹೀಗೆ.

ಎಲ್ಲಿ ತಪ್ಪಿಸಿಕೊಳ್ಳುತ್ತಾರೆ ಎಂಬುದೂ ಹೆಚ್ಚುಕಡಿಮೆ ಗೊತ್ತಿರುವ ಸಂಗತಿಯೇ. ಐಫೆಲ್ ಗೋಪುರದ ನಾಲ್ಕು ಕಾಲುಗಳಲ್ಲಿ ಹತ್ತಿದ್ದು ಒಂದರಲ್ಲಾದರೆ ಇಳಿಯುವುದು ಇನ್ನೊಂದರಲ್ಲಿ ಆಗಬಹುದು. ಕೆಳಗೆ ಬಂದಾಗ ಯಾವ ಕಡೆ ನೋಡಿದರೂ ಒಂದೇ ಥರ. ಸುತ್ತಲಿನ ತಪಾಸಣೆಯ ಆವರಣದಿಂದ ಹೊರಬಿದ್ದರಂತೂ ಮತ್ತೆ ಸಾಲಿನಲ್ಲಿ ನಿಂತೇ ಒಳಗೆ ಬರಬೇಕು. ಹತ್ತುವ ಮೊದಲೇ "ಇಳಿದ ಮೇಲೆ ಎಲ್ಲಿ?" ಎಂದು ಕೇಳಿಟ್ಟುಕೊಳ್ಳಲಿ. ಸ್ವಿಟ್ಜರ್ಲೆಂಡಿನ ಟಿಟ್ಲಿಸ್ ಹಿಮಬೆಟ್ಟಕ್ಕೆ ಎಂಗೆಲ್‌ಬರ್ಗ್ ಊರಿನಿಂದ ಹೋಗುವ ಕೇಬಲ್ ಕಾರಿನಲ್ಲಿ ಎಂಟು ಜನ ಹಿಡಿಸುತ್ತಾರೆ, ಗುಂಪು ಅಲ್ಲೇ ಒಡೆಯುತ್ತದೆ. ನಡುವೆ ಟ್ರೂಬ್‌ಸೇ ನಿಲ್ದಾಣದಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿ ಇಳಿಯದೆ ಸ್ಟ್ಯಾಂಡ್ ನಿಲ್ದಾಣದವರೆಗೂ ಕೂತಿರಬೇಕು, ಅಲ್ಲಿಂದ ಮೇಲಕ್ಕೆ ಸುತ್ತ ತಿರುಗುತ್ತಾ ಹೋಗುವ ದೊಡ್ಡ ಕೇಬಲ್ ಕಾರು. ಮೇಲೆ 3,000 ಮೀಟರಿಗೂ ಹೆಚ್ಚು ಎತ್ತರ. ಉಸಿರು ಕಟ್ಟಿದ ಹಾಗಾಗಿ ಕೂತುಬಿಡುವವರಿದ್ದಾರೆ, ಗುಂಪು ಮುಂದೆ ಹೋಗಿರುತ್ತದೆ. ಮೆಲ್ಲಗೆ ನಡೆಯಲಿ, ಕೂರುವ ಮುನ್ನ ಪಕ್ಕದವರಿಗೆ ಹೇಳಲಿ. ವೆನಿಸ್ಸಿನ ಓಣಿಗಳಲ್ಲಿ ದಾರಿ ತಪ್ಪದವರು ಕಡಿಮೆ. ಆದರೆ ಅಲ್ಲಿ ಗೋಡೆಗಳ ಮೇಲೆ "ಪೆರ್ ಸಾನ್ ಮಾರ್ಕೊ", ಅಂದರೆ ಸಾನ್ ಮಾರ್ಕೊ ಚೌಕದ ಕಡೆಗೆ, ಎಂಬ ಹಳದಿ ಫಲಕಗಳಿವೆ. ಆ ಇಂಗ್ಲಿಷ್ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಡು. ಅವುಗಳನ್ನು ಹಿಡಿದು ಹೋದರೆ ಚೌಕದ ದೊಡ್ಡ ಗಂಟೆಗೋಪುರ ಸಿಗುತ್ತದೆ. ನಿಂತಲ್ಲೇ ನಿಲ್ಲು ಎಂಬ ಮಾತಿಗೆ ನಾನು ಒಪ್ಪುವ ಅಪವಾದ ಇದೊಂದೇ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭಯ ಹೆದ್ದಾರಿಯ ಶೌಚಾಲಯದ ನಿಲುಗಡೆಗಳದ್ದು. ಒಂದೇ ಬಣ್ಣದ ಹತ್ತಾರು ಬಸ್ಸು ನಿಂತಿರುತ್ತವೆ. ಇಟಲಿಯ ಕೆಲವು ನಿಲುಗಡೆಗಳನ್ನು ಹೆದ್ದಾರಿಯ ಮೇಲೆ ಸೇತುವೆಯ ಹಾಗೆ ಕಟ್ಟಿದ್ದಾರೆ, ಎರಡೂ ಕಡೆ ಬಾಗಿಲು. ಬಂದ ಬಾಗಿಲು ಬಿಟ್ಟು ಇನ್ನೊಂದರಲ್ಲಿ ಇಳಿದರೆ ಎದುರು ದಿಕ್ಕಿಗೆ ಹೋಗುವ ಬಸ್ಸುಗಳ ನಡುವೆ ನಿಂತಿರುತ್ತೇವೆ. ಇಳಿದ ಕೂಡಲೇ ಬಸ್ಸಿನ ನಂಬರ್ ಪ್ಲೇಟ್ ಮತ್ತು ಒಳಗೆ ಹೋಗುವ ಬಾಗಿಲು, ಎರಡರ ಫೋಟೋ ತೆಗೆಯುವ ಅಭ್ಯಾಸ ಮಾಡಿಸು. ಐವತ್ತು ಸೆಂಟು, ಒಂದು ಯೂರೋ ನಾಣ್ಯಗಳನ್ನು ಚಿಕ್ಕ ಚೀಲದಲ್ಲಿ ಕೊಡು, ಎಷ್ಟೋ ಕಡೆ ಅವಿಲ್ಲದೆ ಶೌಚಾಲಯದ ಬಾಗಿಲು ತೆರೆಯದು. ಶೌಚಕ್ಕೆ ಹೆದರಿ ನೀರು ಕುಡಿಯದೇ ಇರುವ ಹೆಂಗಸರನ್ನು ಎಷ್ಟೋ ನೋಡಿದ್ದೇನೆ. ಸಂಜೆಗೆ ತಲೆಸುತ್ತು ಬರುತ್ತದೆ. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವಾಗ ಅದು ಬೇಡವೇ ಬೇಡ.

ನಿಮ್ಮಜ್ಜಿಗೆ ಹಿಮ ನೋಡುವ ಆಸೆ ಬಹಳ ಇತ್ತು. ಯಾರ್ಯಾರ ತಾಯಂದಿರನ್ನೋ ಕೈಹಿಡಿದು ಆ ಟಿಟ್ಲಿಸ್ ಬೆಟ್ಟ ಹತ್ತಿಸಿದೆ, ನಮ್ಮಮ್ಮನನ್ನು ಕರೆದುಕೊಂಡು ಹೋಗುವ ಕಾಲ ಕೂಡಿ ಬರಲೇ ಇಲ್ಲ. ಆ ಕೊರಗಿಗೇ ಇರಬೇಕು, ಅಕ್ಕನ ವಿಷಯದಲ್ಲಿ ಇಷ್ಟು ಬರೆಯುತ್ತಿರುವುದು. ಅವಳು ಹೋಗಲೇಬೇಕು. ಭಯಕ್ಕೆ ಪ್ರವಾಸ ಬಿಡಿಸಬೇಡ.

ವಿಮಾನ ನಿಲ್ದಾಣದ ಮಾತು ಮರೆತಿದ್ದೆ. ಮಂಡಿನೋವಿಗೆ ವ್ಹೀಲ್‌ಚೇರ್ ಬೇಕೆಂದರೆ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸು. ಆದರೆ ವ್ಹೀಲ್‌ಚೇರಿನವರನ್ನು ಬೇರೆ ದಾರಿಯಲ್ಲಿ ಕರೆದೊಯ್ಯುತ್ತಾರೆ, ಗುಂಪಿನಿಂದ ಮೊದಲು ಬೇರೆಯಾಗುವುದು ಅಲ್ಲೇ. ಟೂರ್ ಮ್ಯಾನೇಜರಿಗೂ ಹೇಳಿ, ಎಲ್ಲಿ ಸೇರುವುದೆಂದು ಮೊದಲೇ ಗೊತ್ತುಮಾಡು. 2025ರ ಅಕ್ಟೋಬರಿನಿಂದ ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ, ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತಾಗುತ್ತದೆ. ಯಾರಿಗೂ ಕಾಯದೆ ಲಗೇಜ್ ಬೆಲ್ಟಿನ ಹತ್ತಿರ ಹೋಗಿ ನಿಲ್ಲಲಿ, ಎಲ್ಲರೂ ಬರುವುದು ಅಲ್ಲಿಗೇ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಔಷಧಿಯ ಮೂಲ ಹೆಸರು ಬರೆದ ವೈದ್ಯರ ಚೀಟಿಯೂ ಅದರ ಜೊತೆಗೇ ಇರಲಿ. ದುಬೈ ಮೇಲೆ ಹೋಗುವುದಾದರೆ ಯಾವ ಪುಡಿಯಲ್ಲೂ ಗಸಗಸೆ ಇರಬಾರದು, ಅಲ್ಲಿ ಅದು ನಿಷಿದ್ಧ. ಇದು ನೀನು ಕೇಳಿದ ವಿಷಯವಲ್ಲ, ನೆನಪಾಯಿತು, ಬರೆದೆ.

ಮತ್ತೆ ಅದೇ ಭಯಕ್ಕೆ ಬರುತ್ತೇನೆ. ಕೊರಳಿಗೆ ಹಾಕಿಕೊಳ್ಳುವ ಒಂದು ಕಾರ್ಡು ಮಾಡಿಸು. ಹೆಸರು, ಟೂರ್ ಮ್ಯಾನೇಜರ ನಂಬರು, ನಿನ್ನ ನಂಬರು ಪ್ಲಸ್ 91 ಸೇರಿಸಿ, ವಿಮೆಯವರ ಸಹಾಯವಾಣಿ. ಕೆಳಗೆ "ನಾನು ಗುಂಪಿನಿಂದ ಬೇರೆಯಾಗಿದ್ದೇನೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ" ಎಂಬ ಸಾಲು ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ನಾಲ್ಕರಲ್ಲೂ ಇರಲಿ. ತೀರಾ ಕಷ್ಟಕ್ಕೆ 112, ಸ್ವಿಟ್ಜರ್ಲೆಂಡಿನಲ್ಲೂ ಅದು ನಡೆಯುತ್ತದೆ. ಹೋಟೆಲು ಎರಡು ದಿನಕ್ಕೊಮ್ಮೆ ಬದಲಾಗುವುದರಿಂದ ಅದರ ಹೆಸರನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಬೇಡ. ಹಳೆಯ ಹೋಟೆಲಿನ ಚೀಟಿ ತೋರಿಸಿ ಬೇರೆ ಊರಿನ ಹೆಸರು ಹೇಳಿದವರಿದ್ದಾರೆ. ದಿನಾ ಬೆಳಿಗ್ಗೆ ಕೌಂಟರಿನಲ್ಲಿ ಆ ಹೋಟೆಲಿನ ಕಾರ್ಡು ತೆಗೆದುಕೊಂಡು, ಹಿಂದಿನದನ್ನು ಅಲ್ಲೇ ಬಿಟ್ಟು ಬರಲಿ.

ಫೋನಿನ ರೋಮಿಂಗ್ ಪ್ಯಾಕಿನಲ್ಲಿ ಸ್ವಿಟ್ಜರ್ಲೆಂಡಿನ ಹೆಸರಿದೆಯೇ ನೋಡು. ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಕೆಲವು ಪ್ಯಾಕುಗಳು ಅದನ್ನು ಬಿಟ್ಟಿರುತ್ತವೆ. ಗೈಡ್ ಮಾತು ಕೇಳಲು ಕಿವಿಗೆ ಕೊಡುವ ಯಂತ್ರ ಕರಕರ ಎನ್ನತೊಡಗಿದರೆ ಗುಂಪು ದೂರವಾಯಿತೆಂದೇ ಅರ್ಥ, ಆಗಲೇ ತಲೆ ಎತ್ತಿ ನೋಡಲಿ. ಕೋಣೆಯನ್ನು ಹಂಚಿಕೊಳ್ಳುವವರು ಯಾರೆಂದು ಕಂಪನಿಯವರನ್ನು ಈಗಲೇ ಕೇಳು, ಅವರು ಒಪ್ಪಿದರೆ ನಂಬರು ಪಡೆದು ನೀನೇ ಒಮ್ಮೆ ಮಾತಾಡು. ಹೊರಡುವಾಗ ತಲೆ ಎಣಿಸುವವರು ತಪ್ಪಬಹುದು. ಪಕ್ಕದ ಸೀಟಿನವರು "ನಮ್ಮವರು ಬಂದಿಲ್ಲ" ಎಂದು ಕೂಗಿದರೆ ಬಸ್ಸು ಕದಲುವುದಿಲ್ಲ.

ಒಂದು ಭಾನುವಾರ ಅಕ್ಕನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗು. ನೀನು ಸುಮ್ಮನೆ ಮರೆಯಾಗಿ ಅರ್ಧ ಗಂಟೆ ದೂರವಿರು. ಹೇಳಿಯೇ ಮಾಡು, ಹೆದರಿಸಬೇಡ. ನಿಂತಲ್ಲೇ ನಿಂತು, ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿ, ಫೋನ್ ಮಾಡುವುದನ್ನು ಎರಡು ಮೂರು ಸಲ ಮಾಡಿಸು. ಟೂರ್ ಮ್ಯಾನೇಜರ ನಂಬರು ಬಂದ ದಿನ ನನಗೂ ಕಳಿಸು, ನಾನೂ ಒಮ್ಮೆ ಅವರ ಹತ್ತಿರ ಮಾತಾಡುತ್ತೇನೆ.

ಇಂತು ನಿನ್ನ ಮಾವ