ಗೆಳೆಯನಿಗೊಂದು ಪತ್ರ: ಗ್ರೈಂಡರ್ ಕೆಳಗಿಡು ಮಾರಾಯ

ದೋಸ್ತಾ,

ನೀನು ಕಳಿಸಿದ ಫೋಟೋ ನೋಡಿದೆ. ಪೋರ್ಟಿಕೋದಲ್ಲಿ ಅಪ್ಪನ 1999ರ ಹೀರೋ ಹೋಂಡಾ ಸ್ಪ್ಲೆಂಡರ್ ಬೈಕ್, ಸೀಟು ಬಿಚ್ಚಿಟ್ಟದ್ದು, ಫ್ರೇಮಿನ ಹಿಂದಿನ ಪೈಪಿನ ಮೇಲೊಂದು ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ಪ್ಲಗ್ಗಿಗೆ ಹಾಕಿಯೇ ಇಟ್ಟ ಗ್ರೈಂಡರ್. "ಇಲ್ಲಿಗೆ ಕತ್ತರಿಸಿದ್ರೆ ಕೆಫೆ ರೇಸರ್ ಆಗ್ತದಲ್ವಾ?" ಅಂತ ಕೇಳಿದ್ದಿ. ಕೆಫೆ ರೇಸರ್ ಅಂದರೆ ಹಿಂಭಾಗ ಗಿಡ್ಡ ಮಾಡಿ, ಹ್ಯಾಂಡಲ್ ತಗ್ಗಿಸಿ ಬೋಳಿಸಿದ ಬೈಕ್. ಇದನ್ನೇ ಇನ್ನೂ ನಾಲ್ಕೈದು ಜನ ಕೇಳಿದ ಕಾರಣ ಉತ್ತರವನ್ನು ಎಲ್ಲರ ಎದುರೇ ಬರೀತಿದ್ದೇನೆ.

ಮೊದಲು ಆ ಗೆರೆ. ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೂ ಅದಕ್ಕೂ ಎರಡು ಬೆರಳಿನ ಅಂತರವೂ ಇಲ್ಲ. ಹಿಂದೆ ಕೂತವರ ಭಾರ, ಗುಂಡಿಗೆ ಬಿದ್ದಾಗಿನ ಹೊಡೆತ, ಎಲ್ಲವೂ ಫ್ರೇಮಿಗೆ ಬರುವುದು ಆ ಬೋಲ್ಟಿನ ಮೂಲಕ. ಅಲ್ಲಿ ಕತ್ತರಿಸಿ ಹೊಸ ಲೂಪ್, ಅಂದರೆ ಬಾಗಿಸಿದ ಪೈಪಿನ ತುಂಡು, ವೆಲ್ಡ್ ಮಾಡಿಸಿದರೆ ಬಿರುಕು ಬಿಡುವುದು ಹೆಚ್ಚಾಗಿ ವೆಲ್ಡಿನ ಅಂಚಿನಲ್ಲಿ, ಕಾದು ಗುಣ ಕೆಟ್ಟ ಪೈಪಿನಲ್ಲಿ. ಅದಕ್ಕೆ ನಮ್ಮ ಉಪ್ಪುಗಾಳಿಯೂ ಸೇರಿದರೆ ಪೈಪನ್ನು ತುಕ್ಕು ಒಳಗಿಂದ ತಿನ್ನುತ್ತಾ ಹೋಗುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಹೊಸಬರು ಒಂದು ನಿಯಮ ಇಟ್ಟುಕೊಂಡರೆ ಸಾಕು: ಏನೇ ಬದಲಿಸಿದರೂ ಸ್ಪಾನರ್ ಹಿಡಿದು ಮೊದಲಿನ ಹಾಗೆ ಮಾಡಲಿಕ್ಕೆ ಆಗಬೇಕು. ಗಿಡ್ಡ ಮಡ್‌ಗಾರ್ಡ್ ಬೇಕಾದರೆ ಗುಜರಿಯಿಂದ ಇನ್ನೊಂದು ತಂದು ಅದನ್ನು ಕತ್ತರಿಸು. ಒರಿಜಿನಲ್‌ಗೆ ಗ್ರೀಸ್ ಸವರಿ, ಗೋಣಿ ಸುತ್ತಿ ಅಟ್ಟದಲ್ಲಿಡು. ಚಪ್ಪಟೆ ಸೀಟಿಗೆ ಹಳೇ ಬೋಲ್ಟುಗಳಿಗೇ ಕೂರುವ ಹಾಗೆ ಹೊಸ ತಳ ಮಾಡಿಸಿದರಾಯಿತು. ಇಬ್ಬರು ಕೂರುವಷ್ಟು ಉದ್ದ ಇರಲಿ.

ಎಂಜಿನ್ ಕವರಿನ ಸ್ಕ್ರೂಗಳಿಗೆ ಮಾಮೂಲು ಸ್ಟಾರ್ ಸ್ಕ್ರೂಡ್ರೈವರ್ ಹಾಕಬೇಡ. ಅವು ಜಪಾನಿನ ಜೆಐಎಸ್ ಅಳತೆಯವು, ನೋಡಲಿಕ್ಕೆ ಒಂದೇ ಹಾಗೆ ಇದ್ದರೂ ತುದಿ ಪೂರ್ತಿ ಇಳಿಯುವುದಿಲ್ಲ, ತಲೆ ಕಿತ್ತುಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರಿಗೆ ಸರಿಯಾದ ಬಿಟ್ ಸಿಕ್ಕಿಸಿ ತೆಗೆ.

ಹ್ಯಾಂಡಲ್ ಬದಲಿಸುವುದು ಸುಲಭ, ಕ್ಲ್ಯಾಂಪಿನ ಜಾಗದಲ್ಲಿ 22 ಮಿ.ಮೀ. ಇರುವ ಯಾವುದಾದರೂ ಕೂರುತ್ತದೆ. ಕಷ್ಟ ಕೊಡುವುದು ಕೇಬಲ್. ಹ್ಯಾಂಡಲ್ ತಗ್ಗಿಸಿದರೆ ಕೇಬಲ್ ಉಳಿದು ಮಡಚುತ್ತದೆ, ಎತ್ತರಿಸಿದರೆ ಎಳೆಯುತ್ತದೆ. ಜೋಡಿಸಿದ ಮೇಲೆ ಎಂಜಿನ್ ಸ್ಲೋದಲ್ಲಿ ಬಿಟ್ಟು ಹ್ಯಾಂಡಲನ್ನು ಎಡಬಲಕ್ಕೆ ಪೂರ್ತಿ ತಿರುಗಿಸು. ಸದ್ದು ಸ್ವಲ್ಪ ಏರಿದರೂ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಅಂತಲೇ ಲೆಕ್ಕ. ಹಾಗೇ ರಸ್ತೆಗೆ ಇಳಿಸಿದರೆ ಯು-ಟರ್ನ್ ತೆಗೆದುಕೊಳ್ಳುವಾಗ ಗಾಡಿ ತಾನಾಗಿ ಮುಂದೆ ನುಗ್ಗುತ್ತದೆ.

ಟ್ಯಾಂಕಿಗೆ ಟಾರ್ಚ್ ಹಾಕಿ ನೋಡು. ಅಡಿಯಲ್ಲಿ ಕುಚ್ಚಲಕ್ಕಿ ಬಣ್ಣದ ಪುಡಿ ಕಂಡರೆ ಬಣ್ಣದ ಆಸೆ ಬದಿಗಿಟ್ಟು ಮೊದಲು ಇದನ್ನು ಮುಗಿಸು, ಇಲ್ಲದಿದ್ದರೆ ಆ ಪುಡಿ ಕಾರ್ಬೊರೇಟರಿನ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಹೋಗಿ ಕೂರುತ್ತದೆ. ಪೆಟ್ರೋಲ್ ಪೂರ್ತಿ ಖಾಲಿ ಮಾಡು. ಪೆಟ್ರೋಲ್ ಕಾಕ್ ಮತ್ತು ಮೀಟರಿನ ಫ್ಲೋಟ್ ಬಿಚ್ಚಿ, ತೂತುಗಳನ್ನು ರಬ್ಬರಿಟ್ಟು ಮುಚ್ಚು. ಲೀಟರ್ ಬಿಸಿನೀರಿಗೆ 60 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಕಂಠದವರೆಗೆ ತುಂಬಿಸು. 10 ಲೀಟರಿಗೆ 600 ಗ್ರಾಂ ಬೇಕು. 12 ಗಂಟೆ ಬಿಡು, ಮುಚ್ಚಳ ಹಾಕಬೇಡ. ಒಳಗೆ ಏಳುವ ಗುಳ್ಳೆ ಹೈಡ್ರೋಜನ್, ಉರಿ ಹಿಡಿಯುವಂಥದ್ದು. ಮುಸ್ಸಂಜೆಗೆ ತುಳಸಿಕಟ್ಟೆಯಲ್ಲಿ ದೀಪ ಇಡುವ ಮನೆ ನಿಮ್ಮದು, ಟ್ಯಾಂಕನ್ನು ಹಿತ್ತಲಿಗೆ ಒಯ್ಯಿ. ಖಾಲಿ ಟ್ಯಾಂಕ್ ಎಂದು ಹತ್ತಿರದಲ್ಲಿ ಗ್ರೈಂಡರ್ ಓಡಿಸಬೇಡ, ತುಂಬಿದ ಟ್ಯಾಂಕಿಗಿಂತ ಬರೀ ಹಬೆ ತುಂಬಿದ್ದೇ ಹೆಚ್ಚು ಅಪಾಯ.

ಆಮೇಲೆ ಚೆಲ್ಲಿ, ಅಡುಗೆ ಸೋಡಾ ಕದಡಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಎರಡು ಸಲ ತೊಳೆ. ಒಳಗೆ ಬೂದು ಬಣ್ಣದ ಲೋಹ ಕಾಣುತ್ತದೆ. ಅದನ್ನು ನೋಡಿ ಖುಷಿಪಡಲಿಕ್ಕೆ ಸಮಯ ಇಲ್ಲ. ನಮ್ಮ ಹಸಿ ಗಾಳಿಗೆ ಅರ್ಧ ಗಂಟೆಯೊಳಗೆ ಮತ್ತೆ ಕಂದು ತಿರುಗುತ್ತದೆ. ಬಿಸಿಗಾಳಿ ಹಾಯಿಸಿ ಒಣಗಿಸು, ಟ್ಯಾಂಕ್ ಪೂರ್ತಿ ತಣಿದ ಮೇಲೆ 200 ಎಂಎಲ್ ಪೆಟ್ರೋಲಿಗೆ 20 ಎಂಎಲ್ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಗಳಿಗೆ ಹಾಕುವ ಎಣ್ಣೆ) ಸೇರಿಸಿ ಎಲ್ಲ ಗೋಡೆಗೂ ತಾಗುವ ಹಾಗೆ ಅಲ್ಲಾಡಿಸು. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿಂದು ಜೋಡಣೆಯ ಹತ್ತಿರ ಸೂಜಿತೂತು ಬೀಳಿಸುತ್ತದೆ.

ಎಲ್‌ಇಡಿ ಹೆಡ್‌ಲೈಟ್ ತರಿಸಿದ್ದೇನೆ ಅಂದಿಯಲ್ಲ, ಅದನ್ನು ಪೆಟ್ಟಿಗೆಯಲ್ಲೇ ಇರಿಸು. ಹಳೇ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ನೇರ ಎಸಿ ಕರೆಂಟ್ ಬರುತ್ತದೆ. ರೇಸ್ ಕೊಟ್ಟಾಗ ಬೆಳಕು ಏರುವುದು ಅದಕ್ಕೇ. ಡಿಸಿಯ ಎಲ್‌ಇಡಿ ಅದರಲ್ಲಿ ಮಿಣುಕುತ್ತದೆ, ಬೇಗ ಸಾಯುತ್ತದೆ. ಬ್ಯಾಟರಿಗೆ ಜೋಡಿಸಿದರೆ ಅಷ್ಟು ಸಣ್ಣ ಬ್ಯಾಟರಿ ತಡೆಯುವುದಿಲ್ಲ. ವಯರ್ ಮುಟ್ಟುವಾಗ ಇನ್ನೊಂದು ನೆನಪಿರಲಿ: ಹೋಂಡಾ ಪದ್ಧತಿಯಲ್ಲಿ ಅರ್ಥ್ ಅಂದರೆ ಹಸಿರು. ಕಪ್ಪು ಅಂದರೆ ಕೀ ಆನ್ ಮಾಡಿದಾಗ ಪವರ್ ಬರುವ ವಯರ್. ಕಪ್ಪನ್ನು ಅರ್ಥ್ ಅಂದುಕೊಂಡು ಫ್ರೇಮಿಗೆ ಸಿಕ್ಕಿಸಿದರೆ ಫ್ಯೂಸ್ ಹಾರುತ್ತದೆ.

ಬಣ್ಣಕ್ಕೆ ಡಿಸೆಂಬರ್ ಬರಲಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಸ್ಪ್ರೇ ಹೊಡೆದರೆ ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಕಪ್ಪು ಬಣ್ಣ ಮಜ್ಜಿಗೆ ಬಿದ್ದ ಹಾಗೆ ಬೆಳ್ಳಗಾಗುತ್ತದೆ. ಮೇಲಿನ ಕೋಟ್ ಹಾರ್ಡನರ್ ಬೆರೆಸುವ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಲೇಪ) ಆಗಿರಲಿ, ಬರೀ ಡಬ್ಬಿ ಸ್ಪ್ರೇಯ ಮೇಲೆ ಪೆಟ್ರೋಲ್ ಚೆಲ್ಲಿದರೆ ಬಣ್ಣವೇ ಕರಗಿ ಬರುತ್ತದೆ. ಆ ಹಾರ್ಡನರಿನ ಹಬೆ ಶ್ವಾಸಕೋಶಕ್ಕೆ ಕೆಟ್ಟದು, ಬಟ್ಟೆ ಕಟ್ಟಿಕೊಂಡರೆ ಸಾಲದು, ಕಡಿಮೆ ಅಂದರೂ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಕಾನೂನೂ ಉಂಟು. ತಯಾರಕರು ಕೊಟ್ಟ ಸ್ವರೂಪ ಬದಲಿಸುವ ಹಾಗಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಣ್ಣ ಬದಲಿಸಬಹುದು, ಆದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. 15 ವರ್ಷ ದಾಟಿದ ಗಾಡಿ, 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ತೋರಿಸಲೇಬೇಕು.

ಇಷ್ಟೆಲ್ಲ ಬರೆದರೂ ನನ್ನ ಕಣ್ಣು ನಿಂತದ್ದು ಫೋಟೋದ ಮೂಲೆಯಲ್ಲಿ. ಗುಜರಿ ರಾಶಿಯ ಮೇಲೆ ಸೀರೆಗಾರ್ಡ್ ಇತ್ತು, ಪಕ್ಕದಲ್ಲಿ ಚೈನ್ ಕವರ್. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಿಯಮ ಹಾಗಿರಲಿ. ನಿನ್ನ ಅಮ್ಮ ಸಂಕಷ್ಟಿಗೆ ಆನೆಗುಡ್ಡೆ ಗಣಪತಿ ದೇವಸ್ಥಾನಕ್ಕೆ ಹೋಗುವುದು ಇದೇ ಬೈಕಿನಲ್ಲಿ, ಎಡಕ್ಕೆ ಕಾಲು ಹಾಕಿ ಕೂತು. ಚೈನೂ ಎಡಕ್ಕೇ. ಸೆರಗಿನ ತುದಿ ಕಡ್ಡಿಗೋ ಚೈನಿಗೋ ಸಿಕ್ಕರೆ ಬ್ರೇಕ್ ಹಿಡಿಯುವ ಮೊದಲೇ ಮನುಷ್ಯರನ್ನು ಎಳೆದು ಹಾಕುತ್ತದೆ.

ಹೇಳಬಾರದು ಅಂತಿದ್ದೆ. ಹೀಗೆ ಬೋಳಿಸಿದ ಬೈಕುಗಳ ಫೋಟೋಗಳಿಗೆ ಇಷ್ಟು ವರ್ಷ "ಸೂಪರ್" ಅಂತ ಬರೆದವನು ನಾನೂ ಹೌದು. ಹಿಂದೆ ಯಾರು ಕೂರುತ್ತಾರೆ ಅಂತ ಒಬ್ಬರನ್ನೂ ಕೇಳಲಿಲ್ಲ. ಈಗ ಹೆದ್ದಾರಿ 66ರಲ್ಲಿ ಗಾರ್ಡ್ ಇಲ್ಲದ ಗಾಡಿ ಕಂಡರೆ ಸೆರಗು ಎಲ್ಲಿದೆ ಅಂತಲೇ ಹುಡುಕುತ್ತೇನೆ, ಕಾಣುವವರೆಗೆ ಎದೆ ಡವಗುಟ್ಟುತ್ತದೆ. ಅವುಗಳಲ್ಲಿ ಎಷ್ಟು ನನ್ನ "ಸೂಪರ್" ಓದಿ ಬಿಚ್ಚಿದವೋ.

ಸಾಕು, ಪತ್ರ ಎಲ್ಲಿಗೋ ಹೋಯಿತು. ಆದಿತ್ಯವಾರ ಬೆಳಿಗ್ಗೆ ಬರುತ್ತೇನೆ, ಇಂಪ್ಯಾಕ್ಟ್ ಡ್ರೈವರ್, ನಿಂಬೆ ಉಪ್ಪು ಎರಡೂ ನನ್ನ ಕಡೆಯಿಂದ. ಸೀರೆಗಾರ್ಡನ್ನು ರಾಶಿಯಿಂದ ಎತ್ತಿ ತೊಳೆದಿಡು, ಮೊದಲು ಕೂರಿಸುವುದು ಅದನ್ನೇ. ಗೋಳಿಬಜೆ ನಿಮ್ಮ ಮನೆಯದ್ದು.

ನಿನ್ನ,
ಅದೇ ದೋಸ್ತ