‘ಭಾವಿ ಕೆಎಎಸ್’ ಸ್ಟೇಟಸ್

ಮಾನ್ಯ ಸಂಪಾದಕರೇ,

ಕೆಎಎಸ್ ಪರೀಕ್ಷೆಯ ಅಧಿಸೂಚನೆ ಬಂದ ದಿನವೇ ಶಿವಮೊಗ್ಗದ ಎಷ್ಟೋ ಹುಡುಗ ಹುಡುಗಿಯರ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ‘ಭಾವಿ ಕೆಎಎಸ್’ ಏರುತ್ತದೆ. ಸಂಜೆಯೊಳಗೆ ಸಾಲುಸಾಲು ‘ಆಲ್ ದಿ ಬೆಸ್ಟ್’. ತೊಂದರೆ ಅಲ್ಲೇ ಇದೆ. ಮನಃಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಾನೂನು ವಿದ್ಯಾರ್ಥಿಗಳ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದ ಮೇಲೆ ಅವರ ಶ್ರಮವೇ ಕುಗ್ಗಿತು. ಶಹಬ್ಬಾಸ್‌ಗಿರಿ ಸಿಕ್ಕೊಡನೆ ಅರ್ಧ ಅಧಿಕಾರಿಯಾದ ತೃಪ್ತಿ ಬಂದುಬಿಡುತ್ತದೆ. ಹಂಬಲ ಗಟ್ಟಿಯಿದ್ದವರಲ್ಲೇ ಹೀಗಾಗುವುದು, ವಿಚಿತ್ರ!

ಸ್ಟೇಟಸ್ ಹಾಕುವ ಬದಲು ಓದುವ ಯೋಜನೆ ಮಾಡಿಕೊಳ್ಳಿ. ಆದರೆ ‘ದಿನಾ ಚೆನ್ನಾಗಿ ಓದುತ್ತೇನೆ’ ಎಂಬುದಕ್ಕೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ‘ರಾತ್ರಿ ಉಂಡ ತಟ್ಟೆ ತೊಳೆದಿಟ್ಟ ಕೂಡಲೇ 20 ಪ್ರಶ್ನೆ, ಕರೆಂಟ್ ಹೋದರೆ ಚಾರ್ಜರ್ ಲೈಟಿನಲ್ಲಿ’ ಎಂದು ಬರೆದಿಡಿ. ಮಲೆನಾಡಿನ ಆಷಾಢದಲ್ಲಿ ಆ ಎರಡನೆಯ ಭಾಗ ಬಿಟ್ಟರೆ ಮೊದಲನೆಯದೂ ಕೆಡುತ್ತದೆ. ಯಾರಿಗಾದರೂ ಹೇಳಲೇಬೇಕೆಂದರೆ, ಹೊಗಳುವವರಿಗಲ್ಲ, ತಪ್ಪು ಉತ್ತರ ಎಷ್ಟೆಂದು ಕೇಳುವ ಒಬ್ಬರಿಗೆ ಹೇಳಿ.

– ಮನಃಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ